ಜೋಂಬಿ ಎದುರಿಗೆ ಬಂದಾಗ ವ್ಯಾಕರಣ ಯಾರಿಗೆ ನೆನಪಿರುತ್ತೆ?

ಗೇಮ್‌ಗಳಲ್ಲಿ ಪಾತ್ರಗಳು ಮಾತಾಡೋ ರೀತಿ ಬಗ್ಗೆ ಈ ಸಲ ಪ್ರಶ್ನೆ ಕಳ್ಸಿ ಅಂದಿದ್ವಿ. ಬಂದಿರೋದ್ರಲ್ಲಿ ಮುಕ್ಕಾಲು ಭಾಗ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ವೆ: ಶುದ್ಧ ವ್ಯಾಕರಣ ಬೇಕಾ, ಆಡುಮಾತು ಸಾಕಾ? ಕೆಲವು ಪತ್ರಗಳನ್ನ ಚಿಕ್ಕದು ಮಾಡಿದೀನಿ, ಬೈದಿರೋ ಭಾಗ ಮಾತ್ರ ಹಾಗೇ ಬಿಟ್ಟಿದೀನಿ.

ಪ್ರಶ್ನೆ: ಹೈಸ್ಕೂಲಲ್ಲಿ ಪಾಠ ಮಾಡಿ ರಿಟೈರ್ ಆದವನು ನಾನು. ಮೊಮ್ಮಗ ಕಂಪ್ಯೂಟರ್ ಮುಂದೆ ಕೂತು ಆಡೋ ಗೇಮಲ್ಲಿ ಒಬ್ಬನೂ ನೆಟ್ಟಗೆ ಇಂಗ್ಲಿಷ್ ಮಾತಾಡಲ್ಲ. ‘ಐ ಏಂಟ್ ಗಾಟ್ ನಥಿಂಗ್’ ಅಂತೆ. ಕೋಟಿಗಟ್ಟಲೆ ಸುರಿಯೋರಿಗೆ ಒಬ್ಬ ಗ್ರಾಮರ್ ಮೇಷ್ಟ್ರು ಸಿಗಲ್ವಾ? ನಾಳೆ ಕನ್ನಡದಲ್ಲಿ ಗೇಮ್ ಬಂದ್ರೂ ಇದೇ ಗತೀನಾ? (ಮೈಸೂರು)

ಉತ್ತರ: ಮೇಷ್ಟ್ರೇ, ನಿಮ್ಮ ಮುಂದೆ ಮೂರು ಉತ್ತರಪತ್ರಿಕೆ ಇಡ್ತೀನಿ, ಮಾರ್ಕ್ಸ್ ನೀವೇ ಕೊಡಿ.

ಮೊದಲನೇದು ಜಪಾನಿನ ತೋಪ್ಲಾನ್ ಕಂಪನಿಯ ಝೀರೋ ವಿಂಗ್. 1989ರಲ್ಲಿ ಆರ್ಕೇಡ್ ಮಷೀನ್‌ಗೆ ಬಂದ ಆಟ, ಆಮೇಲೆ ಸೆಗಾದ ಮೆಗಾ ಡ್ರೈವ್‌ಗೆ (ಮನೇಲಿ ಟಿವಿಗೆ ಸಿಕ್ಕಿಸಿ ಆಡೋ ಮಷೀನ್) ತಂದಾಗ ಶುರುನಲ್ಲಿ ಒಂದು ಚಿಕ್ಕ ಕತೆ ಸೇರಿಸಿ ಅದನ್ನ ಜಪಾನಿಯಿಂದ ಇಂಗ್ಲಿಷ್‌ಗೆ ಮಾಡಿದ್ರು. ಅದ್ರಲ್ಲಿ ವಿಲನ್ ಬಂದು, ನಿಮ್ಮ ನೆಲೆಗಳೆಲ್ಲಾ ಈಗ ನಮ್ಮವು ಅನ್ನೋಕೆ ಹೋಗಿ, ‘ಆಲ್ ಯುವರ್ ಬೇಸ್ ಆರ್ ಬಿಲಾಂಗ್ ಟು ಅಸ್’ ಅಂತಾನೆ. ಅದು ಸ್ಕ್ರೀನ್ ಮೇಲಿನ ಅಕ್ಷರ ಅಷ್ಟೇ, ದನಿ ಇರ್ಲಿಲ್ಲ, ಆದ್ರೂ 2001ರ ಹೊತ್ತಿಗೆ ಇಡೀ ಇಂಟರ್ನೆಟ್ ಅದನ್ನ ಹೇಳ್ಕೊಂಡು ಬಿದ್ದು ಬಿದ್ದು ನಕ್ತು. ಇದಕ್ಕೆ ನೀವು ಸೊನ್ನೆ ಕೊಡ್ತೀರಿ, ನಾನೂ ಅಷ್ಟೇ.

ಎರಡನೇದು ಕ್ಯಾಪ್‌ಕಾಮ್‌ನ ರೆಸಿಡೆಂಟ್ ಈವಿಲ್, 1996. ಜೋಂಬಿ ತುಂಬಿದ ಬಂಗಲೆ, ಒಳಗೆ ಸಿಕ್ಕಾಕೊಂಡ ಪೊಲೀಸರು, ಪ್ರಾಣ ಉಳಿಸ್ಕೊಳ್ಳೋ ಕತೆ. ಅದ್ರಲ್ಲಿ ಬ್ಯಾರಿ ಅನ್ನೋನು ಜಿಲ್ ಅನ್ನೋ ಸಹೋದ್ಯೋಗಿ ಕೈಗೆ ಬೀಗ ತೆಗೆಯೋ ಕಡ್ಡಿ ಕೊಡ್ತಾ ಏನಂತಾನೆ ಅಂದ್ರೆ, ಬೀಗ ತೆರೆಯುವುದರಲ್ಲಿ ನಿಪುಣಳಾದ ನೀನು ಇದನ್ನು ಜೊತೆಗೆ ಒಯ್ದರೆ ಉಪಯೋಗಕ್ಕೆ ಬರಬಹುದು, ಅನ್ನೋ ಥರದ ಮಾತು. ಇಂಗ್ಲಿಷ್‌ನಲ್ಲಿ ವ್ಯಾಕರಣ ಪಕ್ಕಾ, ಒಂದು ಕಾಮಾನೂ ಆಚೀಚೆ ಇಲ್ಲ. ಆದ್ರೆ ಮೇಷ್ಟ್ರೇ, ಪಕ್ಕದ ರೂಮಲ್ಲಿ ಹೆಣ ಎದ್ದು ಓಡಾಡ್ತಿರೋವಾಗ ಯಾವ ನರಮನುಷ್ಯ ಹೀಗೆ ಮಾತಾಡ್ತಾನೆ? ಇವತ್ತಿಗೂ ಗೇಮ್‌ಗಳ ಕೆಟ್ಟ ಡೈಲಾಗ್ ಅಂದ ತಕ್ಷಣ ಜನ ಇದನ್ನೇ ಎತ್ತೋದು. 2002ರಲ್ಲಿ ಅದೇ ಗೇಮ್ ಹೊಸದಾಗಿ ಮಾಡಿದಾಗ ದನಿ ಎಲ್ಲಾ ಮತ್ತೆ ರೆಕಾರ್ಡ್ ಮಾಡಿಸಿದ್ರು.

ಮೂರನೇದು ಬಹುಶಃ ನಿಮ್ಮ ಮೊಮ್ಮಗ ಆಡ್ತಿರೋದೇ: ಜಿಟಿಎ ಸ್ಯಾನ್ ಆಂಡ್ರಿಯಾಸ್, 2004. ಲಾಸ್ ಏಂಜಲೀಸನ್ನ ಹೋಲೋ ಊರು, 1992ನೇ ಇಸವಿ, ಹೀರೋ ಸಿಜೆ ಅನ್ನೋ ಕಪ್ಪುಜನರ ಹುಡುಗ. ದನಿ ಕೊಟ್ಟಿದ್ದು ಯಂಗ್ ಮೇಲೇ ಅನ್ನೋ ಅದೇ ಸೀಮೆಯ ರ‍್ಯಾಪರ್, ಬರೆಯೋಕೆ ಕೂತಿದ್ದೋರಲ್ಲಿ ಡಿಜೆ ಪೂ ಕೂಡ ಲಾಸ್ ಏಂಜಲೀಸ್‌ನೋನೇ. ಶಾಲೆ ಗ್ರಾಮರ್ ಹಿಡ್ಕೊಂಡು ಕೂತ್ರೆ ಪ್ರತಿ ಸಾಲಿಗೂ ಕೆಂಪು ಗೀಟು. ಆದ್ರೆ ಯಾರೂ ನಗ್ಲಿಲ್ಲ, ಯಾಕಂದ್ರೆ ಅದು ತಪ್ಪು ಇಂಗ್ಲಿಷ್ ಅಲ್ಲ, ಆಫ್ರಿಕನ್ ಅಮೆರಿಕನ್ನರ ಇಂಗ್ಲಿಷ್, ಅದಕ್ಕೆ ಅದರದ್ದೇ ವ್ಯಾಕರಣ ಇದೆ. ‘ಹಿ ವರ್ಕಿಂಗ್’ ಅಂದ್ರೆ ಈಗ ಕೆಲಸ ಮಾಡ್ತಿದಾನೆ, ‘ಹಿ ಬಿ ವರ್ಕಿಂಗ್’ ಅಂದ್ರೆ ಯಾವಾಗ್ಲೂ ಮಾಡ್ತಿರ್ತಾನೆ. ಆ ಮಾತಾಡೋ ಯಾರೂ ಇವೆರಡನ್ನ ಅದಲು ಬದಲು ಮಾಡಲ್ಲ.

ಈಗ ನೋಡಿ, ವ್ಯಾಕರಣ ತಪ್ಪಿದ್ದು ಒಂದು ಫೇಲ್ ಆಯ್ತು, ವ್ಯಾಕರಣ ಸರಿ ಇದ್ದಿದ್ದೂ ಫೇಲ್ ಆಯ್ತು, ಮೇಷ್ಟ್ರ ಲೆಕ್ಕದಲ್ಲಿ ತಪ್ಪಿದ್ದು ಪಾಸ್ ಆಯ್ತು. ಅಂದ್ರೆ ನಾವು ನೋಡ್ಬೇಕಾಗಿದ್ದು ತಪ್ಪು ಯಾರದ್ದು ಅಂತ. ಪಾತ್ರದ್ದಾದ್ರೆ ಇರ್ಲಿ, ಅದು ಅವನ ಮಾತು. ಬರೆದೋನದ್ದಾದ್ರೆ ಒಂದು ಅಕ್ಷರಾನೂ ಬಿಡಬಾರ್ದು.

ಕನ್ನಡಕ್ಕೂ ಇದೇ ಮಾತು. ‘ಬರ್ತಾವ್ನೆ’ ಅನ್ನೋನು ‘ಬರುತ್ತಿದ್ದಾನೆ’ ಕಲೀದೇ ಕೆಟ್ಟೋದೋನಲ್ಲ. ‘ಬರ್ತಾವ್ನೆ, ಬರ್ತಾವ್ಳೆ, ಬರ್ತಾವೆ, ಬರ್ತಾವ್ರೆ’ ಅಂತ ಲಿಂಗ ವಚನ ಎಲ್ಲಾ ಲೆಕ್ಕವಾಗಿ ಇಟ್ಕೊಂಡೇ ಮಾತಾಡ್ತಾನೆ. ಮೊಮ್ಮಗ ಕೆಟ್ಟೋಗ್ತಾನೆ ಅನ್ನೋ ಭಯ ಬೇಡ, ಪರೀಕ್ಷೇಲಿ ಯಾವ ಇಂಗ್ಲಿಷ್ ಬರೀಬೇಕು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತೆ.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್ ಸೇರಿ ಯುನಿಟಿ ಅನ್ನೋ ಗೇಮ್ ಸಾಫ್ಟ್‌ವೇರಲ್ಲಿ ಒಂದು ಗೇಮ್ ಮಾಡ್ತಿದೀವಿ, ಪಾಳೇಗಾರರ ಕಾಲದ ಕೋಟೆ ಕಾಯೋ ಕತೆ. ಮೊದಲು ಪುಸ್ತಕದ ಕನ್ನಡದಲ್ಲಿ ರೆಕಾರ್ಡ್ ಮಾಡಿದ್ವಿ, ಟೆಸ್ಟ್ ಮಾಡೋಕೆ ಕೊಟ್ಟೋರೆಲ್ಲಾ ನಕ್ರು. ಆಮೇಲೆ ನಾವು ಮಾತಾಡೋ ಹಾಗೇ ರೆಕಾರ್ಡ್ ಮಾಡಿದ್ವಿ, ನಮ್ಮಪ್ಪ ಕೇಳಿ ‘ಚೀಪಾಗಿದೆ, ಸೈನಿಕರಾ ಇವ್ರು ಬಸ್‌ಸ್ಟ್ಯಾಂಡ್ ಹುಡುಗ್ರಾ’ ಅಂದ್ರು. ಯಾರ ಮಾತು ಕೇಳೋದು? (ದಾವಣಗೆರೆ)

ಉತ್ತರ: ಇಬ್ರದ್ದೂ. ನೀವು ಎರಡು ಸಲಾನೂ ಒಂದೇ ಕೆಲಸ ಮಾಡಿದೀರಿ, ಇಡೀ ಗೇಮ್‌ಗೆ ಒಂದೇ ಕನ್ನಡ ಬಳಿದಿದೀರಿ. ದೊರೆಗೂ ಅದೇ, ಕಾವಲುಗಾರನಿಗೂ ಅದೇ, ಕುದುರೆ ಲಾಯದ ಹುಡುಗನಿಗೂ ಅದೇ.

ನೀವು ಕಳ್ಸಿದ ಸ್ಕ್ರಿಪ್ಟ್‌ನಲ್ಲಿ ಕೋಟೆ ಗೋಡೆ ಮೇಲೆ ಯುದ್ಧ ನಡೆಯೋ ಜಾಗ ತಗೊಳ್ಳೋಣ. ಇಂಥಾ ಹೊತ್ತಲ್ಲಿ ಸೈನಿಕರು ಕೂಗೋ ಚಿಕ್ಕ ಚಿಕ್ಕ ಸಾಲುಗಳನ್ನ ಈ ಫೀಲ್ಡಲ್ಲಿ ‘ಬಾರ್ಕ್’ ಅಂತಾರೆ, ಒಂದು ಸೆಕೆಂಡು, ಒಂದೂವರೆ ಸೆಕೆಂಡು ಅಷ್ಟೇ ಇರೋದು. ನಿಮ್ಮ ಮೊದಲ ವರ್ಷನ್‌ನಲ್ಲಿ ಒಬ್ಬ ‘ನನ್ನ ಬತ್ತಳಿಕೆಯಲ್ಲಿ ಬಾಣಗಳು ಮುಗಿದಿವೆ’ ಅಂತಾನೆ. ಎರಡನೇದ್ರಲ್ಲಿ ‘ಮಗಾ, ಬಾಣ ಎಲ್ಲಾ ಖಾಲಿ ಆಗೋಯ್ತು ಗುರೂ’ ಅಂತಾನೆ. ಎರಡೂ ಉದ್ದ. ಮೊದಲನೇದು ಹೇಳಿ ಮುಗಿಸೋವಷ್ಟರಲ್ಲಿ ಅವನಿಗೆ ಈಟಿ ಬಿದ್ದಿರುತ್ತೆ, ಎರಡನೇದು ಹೇಳೋನಿಗೆ ಈಟಿ ಬಿದ್ರೂ ಪರವಾಗಿಲ್ಲ ಅನ್ಸುತ್ತೆ. ‘ಬಾಣ ಖಾಲಿ!’ ಅನ್ಸಿ. ಸಾಕು. ಇದು ಪುಸ್ತಕದ ಕನ್ನಡಾನೂ ಅಲ್ಲ, ಇವತ್ತಿನ ಕಾಲೇಜ್ ಕನ್ನಡಾನೂ ಅಲ್ಲ, ಯಾವ ಕಾಲದೋನೂ ಹೀಗೆ ಕೂಗಬಹುದು. ‘ಶತ್ರುಗಳು ಏಣಿಯನ್ನು ಹತ್ತುತ್ತಿದ್ದಾರೆ’ ಅನ್ನೋದನ್ನ ‘ಏಣಿ! ಏಣಿ ಹಾಕಿದ್ರು!’ ಮಾಡಿ. ‘ನಾನು ಗಾಯಗೊಂಡಿದ್ದೇನೆ’ ಅಂತ ಗಾಯ ಆದೋನು ಯಾವತ್ತೂ ಹೇಳಲ್ಲ, ‘ಅಯ್ಯೋ’ ಅಂತಾನೆ, ಇಲ್ಲಾ ‘ಅವ್ವಾ’ ಅಂತಾನೆ. ಉಸಿರು ಕಮ್ಮಿ ಆದಷ್ಟೂ ವ್ಯಾಕರಣ ಕಮ್ಮಿ ಆಗುತ್ತೆ, ಮೊದಲು ಉದುರೋದು ಕ್ರಿಯಾಪದದ ಬಾಲ, ಆಮೇಲೆ ವಿಭಕ್ತಿ, ಕೊನೇಗೆ ಹೆಸರು ಒಂದೇ ಉಳಿಯೋದು.

ಇನ್ನು ನಿಮ್ಮಪ್ಪ ಹೇಳಿದ್ದು. ‘ಮಗಾ’, ‘ಗುರು’, ‘ಮಚ್ಚಾ’ ಇವೆಲ್ಲಾ ಆಡುಮಾತೇ ಹೌದು, ಆದ್ರೆ ಇವತ್ತಿನ ಆಡುಮಾತು. ಆಡುಮಾತು ಅಂದ ತಕ್ಷಣ ನಮ್ಮ ಹುಡುಗ್ರ ಕೈಗೆ ಸಿಗೋದು ಬೆಂಗಳೂರಿನ ಹಾಸ್ಟೆಲ್ ಕನ್ನಡ ಒಂದೇ, ಅದೇ ದೊಡ್ಡ ತಾಪತ್ರಯ. ದೊರೆಗೆ ಗಟ್ಟಿ ಕನ್ನಡಾನೇ ಇರ್ಲಿ. ಯಕ್ಷಗಾನ ನೋಡಿರ್ತೀರಲ್ಲ, ಕೌರವ ಒಂದು ಕನ್ನಡ, ಅದೇ ರಂಗಸ್ಥಳದಲ್ಲಿ ಹಾಸ್ಯಗಾರ ಇನ್ನೊಂದು ಕನ್ನಡ, ದೂತನ ವೇಷದಲ್ಲಿ ಬಂದು ಕರಾವಳಿ ಆಡುಮಾತಲ್ಲಿ ರಾಜನ ಕಾಲೆಳೀತಾನೆ. ನೋಡ್ತಾ ಕೂತೋರಿಗೆ ಒಂದು ನಿಮಿಷಾನೂ ಗಲಿಬಿಲಿ ಆಗಲ್ಲ. ಅದೂ ಅರ್ಥಗಾರಿಕೆ ಅಷ್ಟೂ ಸ್ಥಳದಲ್ಲೇ ಹುಟ್ಟೋ ಮಾತು, ಬರೆದು ಬಾಯಿಪಾಠ ಮಾಡಿದ್ದಲ್ಲ, ಹಾಗಿದ್ರೂ ರಾಜನ ಬಾಯಲ್ಲಿ ಒಂದು ಇಂಗ್ಲಿಷ್ ಪದ ಜಾರಿದ್ರೆ ಮುಂದಿನ ಸಾಲಿನೋರು ಮುಖ ಸಿಂಡರಿಸ್ತಾರೆ. ಸಂಸ್ಕೃತ ನಾಟಕದಲ್ಲೂ ರಾಜನಿಗೆ ಸಂಸ್ಕೃತ, ವಿದೂಷಕನಿಗೆ ಪ್ರಾಕೃತ. ನಮಗೆ ಇದು ಹೊಸ ವಿದ್ಯೆ ಏನಲ್ಲ, ಮೈಕ್ ಮುಂದೆ ನಿಂತಾಗ ಮರ್ತೋಗುತ್ತೆ.

ಇನ್ನೊಂದು. ನಿಮ್ಮ ಹೀರೋ ಮತ್ತೆ ಆ ಮುದಿ ಕಾವಲುಗಾರ ಗೇಮ್ ಶುರುನಲ್ಲಿ ಅಪರಿಚಿತರು, ಕೊನೇಲಿ ಅಣ್ಣತಮ್ಮ ಥರ ಆಗ್ತಾರೆ. ಆದ್ರೆ ಮೊದಲ ಸಾಲಿಂದಾನೇ ಹೀರೋ ‘ಏನೋ, ಬಾರೋ’ ಅಂತಿದಾನೆ. ಅಯ್ಯೋ, ಕೈಯಲ್ಲಿರೋ ಚಿನ್ನ ಬಿಸಾಕ್ತಿದೀರಿ! ಇಂಗ್ಲಿಷ್‌ನೋರಿಗೆ ಎಲ್ರಿಗೂ ಒಂದೇ ‘ಯು’. ನಮಗೆ ‘ನೀವು’ ಇದೆ, ‘ನೀನು’ ಇದೆ, ಅದರ ಕೆಳಗೆ ‘ಕಣೋ’ ಇದೆ. ಯಾವ ಸೀನಲ್ಲಿ ಅವನು ಮೊದಲ ಸಲ ‘ನೀನು’ ಅಂತಾನೆ ಅನ್ನೋದನ್ನ ಮೊದಲೇ ತೀರ್ಮಾನ ಮಾಡ್ಕೊಳ್ಳಿ, ಆ ಸೀನಿಗೆ ಬೇರೆ ಮ್ಯೂಸಿಕ್ಕೇ ಬೇಡ.

ಪ್ರಶ್ನೆ: ಜೋಂಬಿ ಬಂದ್ನಾ, ಬಂತಾ? ನಾನೂ ನನ್ನ ತಮ್ಮನೂ ಇದಕ್ಕೆ ಜಗಳ ಆಡ್ಕೊಂಡಿದೀವಿ. (ತುಮಕೂರು)

ಉತ್ತರ: ದೆವ್ವ ಬಂತು, ಪಿಶಾಚಿ ಹಿಡೀತು, ಹೆಣ ಬಿದ್ದಿತ್ತು. ಕನ್ನಡದಲ್ಲಿ ಸತ್ತ ತಕ್ಷಣ ‘ಅವನು’ ಹೋಗಿ ‘ಅದು’ ಆಗುತ್ತೆ. ಆ ಲೆಕ್ಕದಲ್ಲಿ ಜೋಂಬಿ ಬಂತು, ಎರಡು ಜೋಂಬಿ ಬಂದ್ವು. ಆದ್ರೆ ಜೋಂಬಿ ಆಗಿರೋನು ನಿಮ್ಮ ತಮ್ಮಾನೇ ಆಗಿದ್ರೆ ಆಗ ‘ಬಂದ’. ಗೇಮ್ ಬರೆಯೋರು ಇದನ್ನ ಬಳಸ್ಕೋಬೇಕು, ಅಮ್ಮ ಆದೋಳು ಜೋಂಬಿ ಮಗನ್ನ ಇನ್ನೂ ‘ಅವನು’ ಅಂತಿದಾಳೆ, ಪಕ್ಕದ ಪೊಲೀಸಿನೋನು ‘ಅದು’ ಅಂತಿದಾನೆ.

ಪ್ರಶ್ನೆ: ಐಟಿಯಲ್ಲಿ ಇದೀನಿ. ಗೇಮ್ ಮಾಡೋ ಪರಿಚಯದೋರೊಬ್ರು ‘ಕನ್ನಡ ಆಡಿಯೋ ಮಾಡೋದು ಡಬಲ್ ಖರ್ಚು, ನಿಮ್ಮ ಭಾಷೆ ವ್ಯಾಕರಣ ಕಷ್ಟ’ ಅಂದ್ರು. ನನಗೆ ಉರಿದೋಯ್ತು. ಇದು ನೆಪಾನಾ ನಿಜಾನಾ? (ಬೆಂಗಳೂರು)

ಉತ್ತರ: ಅರ್ಧ ನೆಪ, ಅರ್ಧ ನಿಜ. ನಿಜದ ಭಾಗ ಸ್ವಲ್ಪ ಬಿಡಿಸಿ ಹೇಳ್ತೀನಿ, ಮುಂದಿನ ಸಲ ಜಗಳ ಆಡೋವಾಗ ಉಪಯೋಗಕ್ಕೆ ಬರುತ್ತೆ.

ಗೇಮ್‌ನಲ್ಲಿ ಎಲ್ಲಾ ಸಾಲೂ ಪೂರ್ತಿಯಾಗಿ ರೆಕಾರ್ಡ್ ಮಾಡಿರಲ್ಲ, ತುಂಡು ತುಂಡು ರೆಕಾರ್ಡ್ ಮಾಡಿ ಆಟ ನಡೀತಿರೋವಾಗ ಹೊಲಿಗೆ ಹಾಕ್ತಾರೆ. ಇದು ಗೇಮ್ ಮಾತಾಡೋಕೆ ಕಲ್ತ ದಿನದಿಂದ ಇರೋದೇ. 1980ರಲ್ಲಿ ಬರ್ಝರ್ಕ್ ಅಂತ ಒಂದು ಆರ್ಕೇಡ್ ಗೇಮ್ ಬಂತು, ರೋಬೋಟ್‌ಗಳು ಆಡೋರನ್ನ ಅಟ್ಟಿಸ್ಕೊಂಡು ಬರ್ತಾ ಮಾತಾಡ್ತಿದ್ವು. ಇಡೀ ಗೇಮ್‌ಗೆ ಇದ್ದಿದ್ದು 30 ಪದ, ಆಗ ಒಂದೊಂದು ಪದ ಡಿಜಿಟಲ್ ಮಾಡೋಕೆ ಸುಮಾರು 1000 ಡಾಲರ್ ಬೀಳ್ತಿತ್ತು ಅಂತಾರೆ. ‘ಕಿಲ್’, ‘ಗೆಟ್’, ‘ಡೆಸ್ಟ್ರಾಯ್’ ಅಂತ ಒಂದಿಷ್ಟು ಕ್ರಿಯಾಪದ, ‘ದ ಇಂಟ್ರೂಡರ್’, ‘ದ ಹ್ಯೂಮನಾಯ್ಡ್’ ಅಂತ ಒಂದಿಷ್ಟು ನಾಮಪದ, ಯಾವುದ್ರ ಪಕ್ಕ ಯಾವುದನ್ನ ಇಟ್ರೂ ಇಂಗ್ಲಿಷ್ ವಾಕ್ಯ ರೆಡಿ. ಇದನ್ನೇ ಕನ್ನಡದಲ್ಲಿ ಮಾಡಿ ನೋಡಿ, ‘ಹಿಡಿ’ ಅನ್ನೋದಕ್ಕೆ ‘ಕಳ್ಳನ್ನ’ ಬೇಕು, ‘ಹೊಡಿ’ಗೆ ‘ಕಳ್ಳನಿಗೆ’ ಬೇಕು, ‘ತಪ್ಪಿಸ್ಕೋ’ಗೆ ‘ಕಳ್ಳನಿಂದ’ ಬೇಕು. ಒಂದು ನಾಮಪದಕ್ಕೆ ಮೂರು ರೆಕಾರ್ಡಿಂಗ್.

ಕ್ರಿಕೆಟ್ ಗೇಮ್‌ಗೆ ಬನ್ನಿ. ನಮ್ಮಲ್ಲಿ ಸೈಬರ್ ಕೆಫೆ ಕಾಲದೋರಿಗೆಲ್ಲಾ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಅಂದ್ರೆ ಕಿವೀಲಿ ಮಾರ್ಕ್ ನಿಕೋಲಸ್, ರಿಚಿ ಬೆನೊ ಕಾಮೆಂಟರಿ ಈಗ್ಲೂ ಇರುತ್ತೆ. ಇಂಥ ಗೇಮ್‌ಗಳಲ್ಲಿ ಆಟಗಾರರ ಹೆಸರನ್ನ ಎರಡು ಮೂರು ರಾಗದಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡಿಸ್ತಾರೆ, ವಾಕ್ಯದ ಶುರುನಲ್ಲಿ ಬಂದ್ರೆ ಒಂದು, ಕೊನೇಲಿ ಬಂದ್ರೆ ಒಂದು, ಉತ್ಸಾಹದಲ್ಲಿ ಕೂಗೋದಕ್ಕೆ ಒಂದು. ಕನ್ನಡದಲ್ಲಿ ಆದ್ರೆ ಹೆಸರಿಗೆ ವಿಭಕ್ತಿ ಅಂಟ್ಕೊಳ್ಳುತ್ತೆ. ಇಲ್ಲೊಂದು ಮಜಾ ಇದೆ. ಪುಸ್ತಕದ ಕನ್ನಡದಲ್ಲಿ ‘ರಾಹುಲನಿಗೆ’, ‘ದ್ರಾವಿಡನಿಗೆ’ ಅಂತ ಮಧ್ಯ ಒಂದು ‘ನಿ’ ನುಗ್ಗುತ್ತೆ, ‘ಕುಂಬ್ಳೆಗೆ’ ಅನ್ನೋದಕ್ಕೆ ನುಗ್ಗಲ್ಲ. ಆಡುಮಾತಲ್ಲಿ ‘ರಾಹುಲ್‌ಗೆ’, ‘ದ್ರಾವಿಡ್‌ಗೆ’, ‘ಕುಂಬ್ಳೆಗೆ’, ಎಲ್ರಿಗೂ ಒಂದೇ ‘ಗೆ’, ಕತ್ತರಿಸಿ ಅಂಟಿಸೋಕೆ ಎಷ್ಟೋ ಸುಲಭ. ಆಡುಮಾತು ಸೋಮಾರಿತನ ಅನ್ನೋರು ಇದನ್ನ ಸ್ವಲ್ಪ ನೋಡ್ಬೇಕು.

ಆದ್ರೆ ಆಡುಮಾತು ಎಲ್ಲಾ ಕಡೆ ಅಗ್ಗ ಅಂತ ತಿಳ್ಕೋಬೇಡಿ. ಈಗಿನ ಗೇಮ್‌ಗಳಲ್ಲಿ ಆಡೋನು ಹೀರೋ ಗಂಡಾ ಹೆಣ್ಣಾ ಅಂತ ಆರಿಸ್ಕೋಬಹುದು. ‘ಬನ್ನಿ’ ಅಂದ್ರೆ ಇಬ್ರಿಗೂ ಒಂದೇ ರೆಕಾರ್ಡಿಂಗ್. ‘ಬಾರೋ’ ಅಂದ ಕೂಡ್ಲೇ ‘ಬಾರೇ’ನೂ ಬೇಕು. ಹೀರೋನ ಗೆಳೆಯರು ಆಡೋ ಸಲುಗೆ ಮಾತಷ್ಟೂ ಎರಡೆರಡು ಸಲ. ಆದ್ರೆ ಹೀರೋ ತನ್ನ ಬಗ್ಗೆ ತಾನು ಹೇಳ್ಕೊಳ್ಳೋದಕ್ಕೆ ಆ ರಗಳೆ ಇಲ್ಲ, ‘ಬರ್ತೀನಿ’ ಗಂಡಿಗೂ ಸೈ ಹೆಣ್ಣಿಗೂ ಸೈ. ಹಿಂದಿಯೋರಿಗೆ ಅಲ್ಲೂ ‘ಆತಾ ಹೂಂ’, ‘ಆತೀ ಹೂಂ’ ಅಂತ ಎರಡಾಗುತ್ತೆ. ಹಾಗಾಗಿ ಕನ್ನಡಕ್ಕೆ ಮಾತ್ರ ಡಬಲ್ ಖರ್ಚು ಅನ್ನೋದು ಬುರುಡೆ.

ಲೆಕ್ಕ ಹೇಳೋ ಸಾಲುಗಳಲ್ಲಿ ಇನ್ನೊಂದು ಕಿತಾಪತಿ. ‘ಇನ್ನು ಇಷ್ಟು ಜನ ಬಾಕಿ’ ಅಂತ ಹೇಳೋಕೆ ‘ಒಬ್ಬ ಇದಾನೆ’, ‘ಇಬ್ರು ಇದಾರೆ’, ಮೂರರಿಂದ ಮೇಲೆ ‘ಮೂರು ಜನ ಇದಾರೆ’, ‘ನಾಲ್ಕು ಜನ ಇದಾರೆ’. ಒಂದು ಎರಡನ್ನ ಪೂರ್ತಿ ಸಾಲಾಗಿ ರೆಕಾರ್ಡ್ ಮಾಡಿ, ಮೂರರಿಂದ ಮೇಲೆ ಹೊಲಿಗೆ ಹಾಕಿದ್ರೆ ಆಯ್ತು, ಇದಕ್ಕೆ ದೊಡ್ಡ ಪಾಂಡಿತ್ಯ ಏನೂ ಬೇಡ, ಕನ್ನಡ ಬರೋ ಒಬ್ಬ ಪ್ರೋಗ್ರಾಮರ್ ಜೊತೆ ಕೂರ್ಬೇಕು. ‘ಎನಿಮಿ ಸ್ಪಾಟೆಡ್’ ಅನ್ನೋ ಸಾಲು ಗಂಡಸಿಗೂ ಹೆಂಗಸಿಗೂ ಟ್ಯಾಂಕಿಗೂ ಇಂಗ್ಲಿಷ್‌ನಲ್ಲಿ ಒಂದೇ, ಕನ್ನಡದಲ್ಲಿ ‘ಬಂದ, ಬಂದ್ಳು, ಬಂತು’ ಅಂತ ಮೂರಾಗುತ್ತೆ. ಕ್ರಿಯಾಪದಾನೇ ಎತ್ತಿ ಬಿಸಾಕಿ ‘ಎಡಗಡೆ! ಎಡಗಡೆ ನೋಡು!’ ಅಂದ್ಬಿಟ್ರೆ ಲಿಂಗದ ಪ್ರಶ್ನೇನೇ ಬರಲ್ಲ. ಮನುಷ್ಯರು ನಿಜವಾಗ್ಲೂ ಗಾಬರಿಯಲ್ಲಿ ಕೂಗೋದೂ ಹಾಗೇ.

ನೆಪದ ಭಾಗ: ದುಡ್ಡು ಬರುತ್ತೆ ಅಂತ ಗ್ಯಾರಂಟಿ ಇದ್ರೆ ಇದಕ್ಕಿಂತ ಕಷ್ಟದ ಭಾಷೆಗಳಿಗೂ ಮಾಡ್ತಾರೆ. ಪೋಲಿಷ್, ರಷ್ಯನ್ ಭಾಷೆಗಳಲ್ಲಿ ವಿಭಕ್ತಿ ನಮ್ಮಷ್ಟೇ ಇದೆ, ಭೂತಕಾಲದ ಕ್ರಿಯಾಪದಕ್ಕೆ ಲಿಂಗಾನೂ ಇದೆ, ಅವಕ್ಕೂ ಎಷ್ಟೋ ಗೇಮ್‌ಗಳು ಪೂರ್ತಿ ಡಬ್ಬಿಂಗ್ ಆಗಿ ಬಂದಿವೆ.

ಪ್ರಶ್ನೆ: ಅನ್‌ಚಾರ್ಟೆಡ್ ಗೇಮ್‌ನಲ್ಲಿ ನಮ್ಮ ಬೇಲೂರು ಹಳೇಬೀಡು ಬಂದಿದೆ, ಒಂದು ಸಾಲು ಕನ್ನಡ ಹಾಕೋಕೆ ಏನ್ ರೋಗ ಅವ್ರಿಗೆ? (ಹಾಸನ)

ಉತ್ತರ: ಅನ್‌ಚಾರ್ಟೆಡ್ ದ ಲಾಸ್ಟ್ ಲೆಗಸಿ, 2017, ನಾಟಿ ಡಾಗ್ ಮಾಡಿದ್ದು. ಪಶ್ಚಿಮ ಘಟ್ಟ, ಹೊಯ್ಸಳರು, ಗಣೇಶನ ದಂತ ಹುಡ್ಕೋ ಕತೆ. ಕಲ್ಲಿನ ಕೆತ್ತನೆಗೆ ಅಷ್ಟು ಕೆಲಸ ಮಾಡಿ ಆಡಿಯೋ ಆಯ್ಕೆಯಲ್ಲಿ ಕನ್ನಡ ಇಲ್ಲ ಅನ್ನೋದು ನನಗೂ ಉರಿಯುತ್ತೆ. ಆದ್ರೆ ಹಾಕಿದ್ರೆ ಹೊಯ್ಸಳರ ಕಾಲದ ಶಾಸನ ಓದೋ ಜಾಗದಲ್ಲಿ ಹಳಗನ್ನಡ ಹಾಕ್ಬೇಕು, ಘಟ್ಟದ ಊರಿನೋರ ಬಾಯಲ್ಲಿ ಆ ಕಡೆ ಮಾತು ಹಾಕ್ಬೇಕು. ಅವರು ಯಾರೋ ಒಬ್ರಿಗೆ ಹೇಳಿ ಟ್ರಾನ್ಸ್‌ಲೇಟ್ ಮಾಡ್ಸಿ ಬ್ಯಾಂಕ್ ಫಾರಂ ಕನ್ನಡ ಹಾಕೋದಾದ್ರೆ ಈಗ ಇರೋದೇ ವಾಸಿ.

ಪ್ರಶ್ನೆ: ನಮ್ ಕಡೆ ಮಾತು ಯಾವಾಗ್ಲೂ ಕಾಮಿಡಿಗೇ ಯಾಕ್ರಿ ಬಳಸ್ತಾರ? ಗೇಮ್‌ನ್ಯಾಗರ ಹೀರೋ ‘ಎಲ್ಲಿಗಿ ಹೊಂಟಿ’ ಅನ್ನಬಾರದೇನು? (ಧಾರವಾಡ)

ಉತ್ತರ: ಅನ್ನಬೇಕ್ರಿ. ಈ ಕಾಯಿಲೆ ನಮಗೊಬ್ರಿಗೇ ಇಲ್ಲ. ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಸರಣಿಯ 8ನೇ ಗೇಮ್ ಇಂಗ್ಲಿಷ್‌ಗೆ ಬಂದಾಗ ಯಾಂಗಸ್ ಅನ್ನೋ ಹಳೇ ಡಕಾಯಿತನಿಗೆ ಲಂಡನ್ನಿನ ದುಡಿಯೋ ಜನರ ಕಾಕ್ನಿ ಮಾತು ಕೊಟ್ರು, ಒರಟ, ಒಳ್ಳೇ ಮನಸಿನೋನು, ನಗಿಸ್ತಾನೆ. ಅದು ಚೆನ್ನಾಗಿ ಕೂತಿತು, ಯಾಕಂದ್ರೆ ಅವನು ಇಡೀ ಗೇಮ್ ಜೊತೇಲಿರ್ತಾನೆ, ಅವನಿಗೂ ಸಿಟ್ಟಿದೆ, ದುಃಖ ಇದೆ, ಮಾನ ಇದೆ. ನಮ್ಮ ಸೀರಿಯಲ್‌ಗಳಲ್ಲಿ, ಜಾಹೀರಾತಲ್ಲಿ ಉತ್ತರ ಕರ್ನಾಟಕದ ಮಾತು ಬರೋದು ಮಾತ್ರ ಅಡುಗೆಭಟ್ಟನೋ, ಸೆಕ್ಯುರಿಟಿ ಗಾರ್ಡೋ, ಎರಡು ನಿಮಿಷ ನಗಿಸಿ ಹೋಗೋನೋ ಆಗಿ. ಮಂಡ್ಯದೋರಿಗೆ ಬರೀ ಜಗಳ, ಮಂಗಳೂರಿನೋರಿಗೆ ಬರೀ ‘ಎಂತ ಮಾರಾಯ’.

ಗೇಮ್ ಬರೆಯೋರಿಗೆ ನಾನು ಹೇಳೋದು ಇಷ್ಟು, ಆ ಕಡೆ ಮಾತನ್ನ ಆ ಕಡೆಯೋರಿಂದಾನೇ ಬರೆಸಿ. ದಕ್ಷಿಣದೋರು ಧಾರವಾಡ ಕನ್ನಡ ಬರೆಯೋಕೆ ಕೂತ್ರೆ ಎಲ್ಲಾ ಪದದ ಕೊನೇಗೂ ಒಂದು ‘ರೀ’ ಹಚ್ಚಿ ಮುಗಿಸ್ತಾರೆ. ‘ರೀ’ ಮರ್ಯಾದೆಗೆ ಇರೋದು, ಗೆಳೆಯನಿಗೆ ಬೈಯೋವಾಗ ಯಾವ ಧಾರವಾಡದೋನೂ ‘ರೀ’ ಅನ್ನಲ್ಲ, ‘ಏನ್ ಮಾಡಾಕತ್ತೀಯೋ’ ಅಂತಾನೆ. ಇಂಥಾ ತಪ್ಪು ವ್ಯಾಕರಣದ್ದೇ, ಪುಸ್ತಕದ ವ್ಯಾಕರಣ ಅಲ್ಲ ಅಷ್ಟೇ. ಜಿಟಿಎ ಮಾಡಿದ ರಾಕ್‌ಸ್ಟಾರ್ ಕಂಪನಿಯೋರು 2018ರಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಮಾಡಿದಾಗ ಸುಮಾರು 5 ಲಕ್ಷ ಸಾಲು ಡೈಲಾಗ್ ಇದೆ ಅಂತ ಹೇಳ್ಕೊಂಡಿದ್ರು. ಕತೆ 1899ರದ್ದು, ಹೀರೋ ಆರ್ಥರ್ ದರೋಡೆಕೋರ, ‘ಏಂಟ್’ ಇಲ್ದೆ ಮಾತೇ ಆಡಲ್ಲ. ಆದ್ರೆ ಅದೇ ಗುಂಪಿನ ನಾಯಕ, ಡಚ್ ಅನ್ನೋನು, ಭಾಷಣಕಾರನ ಥರ ಅಲಂಕಾರವಾಗಿ ಮಾತಾಡ್ತಾನೆ. ಇಬ್ರೂ ಕಳ್ಳರೇ. ಇಬ್ರಲ್ಲಿ ನಂಬೋಕೆ ಆಗೋದು ಯಾರನ್ನ ಅಂತ ಆ ಗೇಮ್ ಮುಗಿಸಿದೋರಿಗೆ ಗೊತ್ತು.

ಪ್ರಶ್ನೆ: ನಾನು ವಾಯ್ಸ್ ಆರ್ಟಿಸ್ಟ್, ಈಗ ಗೇಮ್ ಕೆಲಸ ಒಂದೊಂದು ಬರ್ತಿದೆ. ಕೊಡೋ ಕನ್ನಡ ಸ್ಕ್ರಿಪ್ಟ್ ಓದಿದ್ರೆ ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ. ‘ನಾವು ಇಲ್ಲಿಂದ ಹೊರಡಲೇಬೇಕಾದ ಅವಶ್ಯಕತೆ ಇದೆ’ ಅಂತ ಓಡ್ತಾ ಓಡ್ತಾ ಹೇಳ್ಬೇಕು. ಬದಲಾಯಿಸ್ಲಾ ಅಂದ್ರೆ ‘ಕ್ಲೈಂಟ್ ಅಪ್ರೂವ್ ಮಾಡಿದಾರೆ, ಇದ್ದ ಹಾಗೇ ಓದಿ’ ಅಂತಾರೆ. ಏನ್ ಮಾಡ್ಲಿ? (ಶಿರಸಿ)

ಉತ್ತರ: ಇದು ನಿಮ್ಮೊಬ್ರ ಕತೆ ಅಲ್ಲಕ್ಕಾ. ಗೇಮ್ ಸ್ಕ್ರಿಪ್ಟ್ ಬರೋದು ಎಕ್ಸೆಲ್ ಶೀಟಲ್ಲಿ, ಒಂದು ಕಾಲಮ್ಮಲ್ಲಿ ಫೈಲ್ ಹೆಸರು, ಒಂದ್ರಲ್ಲಿ ಇಂಗ್ಲಿಷ್, ಒಂದ್ರಲ್ಲಿ ಕನ್ನಡ. ಟ್ರಾನ್ಸ್‌ಲೇಟ್ ಮಾಡಿದೋರು ಗೇಮ್ ನೋಡಿರಲ್ಲ, ಯಾರು ಯಾರಿಗೆ ಹೇಳ್ತಿರೋದು ಗೊತ್ತಿರಲ್ಲ, ಓಡ್ತಿದಾರೋ ಕೂತಿದಾರೋ ಅದೂ ಗೊತ್ತಿರಲ್ಲ, ಹಾಗಾಗಿ ಯಾರೂ ಬೈಯದೇ ಇರೋ ಅಂಥಾ ಪುಸ್ತಕದ ವಾಕ್ಯ ಹಾಕಿ ಕೈ ತೊಳ್ಕೊಳ್ತಾರೆ. ಜೊತೆಗೆ ನಮ್ಮಲ್ಲಿ ಡಬ್ಬಿಂಗ್ ಬರೆಯೋರ ಪಡೆ ಬೆಳೀಲೇ ಇಲ್ಲ. ದಶಕಗಟ್ಟಲೆ ಕನ್ನಡಕ್ಕೆ ಡಬ್ಬಿಂಗೇ ಬೇಡ ಅಂತ ಚಿತ್ರರಂಗ ತಡೆದು ಕೂತಿತ್ತು, 2015ರಲ್ಲಿ ಕಾಂಪಿಟಿಷನ್ ಕಮಿಷನ್ (ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಆಗದ ಹಾಗೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ) ಆ ತಡೆ ಸರಿಯಲ್ಲ ಅಂತ ಆದೇಶ ಕೊಟ್ಟ ಮೇಲೇನೇ ದಾರಿ ಬಿಡಿಸ್ಕೊಂಡಿದ್ದು. ತಮಿಳು ತೆಲುಗಿನೋರು ಅಷ್ಟು ವರ್ಷ ಬೇರೆ ಭಾಷೆ ತುಟಿಗೆ ತಮ್ಮ ಮಾತು ಕೂರಿಸೋ ಕಸುಬು ಕಲೀತಿದ್ರು. ತಡೆದೋರ ಉದ್ದೇಶದ ಬಗ್ಗೆ ಜಗಳ ಬೇರೆ ಇಟ್ಕೊಳ್ಳೋಣ, ಕಸುಬಿಗೆ ಬಿದ್ದ ಹೊಡೆತ ಮಾತ್ರ ಈ ಥರ ಎಕ್ಸೆಲ್ ಶೀಟಲ್ಲಿ ಕಾಣ್ಸುತ್ತೆ.

ಈಗ ರೆಕಾರ್ಡಿಂಗ್ ಬೂತ್ ಒಳಗೆ ಏನ್ ಮಾಡೋದು. ‘ನಿಮ್ಮ ಸ್ಕ್ರಿಪ್ಟ್ ಸರಿ ಇಲ್ಲ’ ಅಂತ ಮಾತ್ರ ಅನ್ಬೇಡಿ, ಕೆಲಸ ಹೋಗುತ್ತೆ. ಮೊದಲು ಇದ್ದ ಹಾಗೇ ಒಂದು ಟೇಕ್ ಕೊಡಿ, ಮನಸಿಟ್ಟೇ ಕೊಡಿ. ಆಮೇಲೆ ‘ಒಂದು ಆಲ್ಟ್ ಕೊಡ್ಲಾ’ ಅಂತ ಕೇಳಿ. ಆಲ್ಟ್ ಅಂದ್ರೆ ಅದೇ ಸಾಲನ್ನ ಬೇರೆ ಥರ ಹೇಳೋ ಇನ್ನೊಂದು ಟೇಕ್, ಡೈರೆಕ್ಟರ್‌ಗೆ ಗೊತ್ತಾಗುತ್ತೆ, ಬೇಡ ಅನ್ನೋರು ಕಮ್ಮಿ, ಯಾಕಂದ್ರೆ ಹತ್ತು ಸೆಕೆಂಡಿನ ಕೆಲಸ. ಆಗ ‘ಹೊರಡ್ಬೇಕು, ಈಗ್ಲೇ!’ ಅಂತ ಹೇಳಿ. ಎರಡನ್ನೂ ಪಕ್ಕಪಕ್ಕ ಕೇಳಿಸ್ಕೊಂಡ ಮೇಲೆ ಆರಿಸೋ ಕಷ್ಟ ಅವರದ್ದು.

ಆದ್ರೆ ಟೈಮ್ ನೋಡ್ಕೊಳ್ಳಿ. ಎಷ್ಟೋ ಸಾಲುಗಳಿಗೆ ಮೂಲದ ಆಡಿಯೋ ಎಷ್ಟುದ್ದ ಇದೆಯೋ ಅದರ ಆಚೀಚೆ ಶೇ 10ರ ಒಳಗೇ ಇರ್ಬೇಕು ಅಂತ ಕಟ್ಟು ಇರುತ್ತೆ, ಮುಖ ಕ್ಲೋಸಪ್‌ನಲ್ಲಿ ಇದ್ರೆ ತುಟಿಗೂ ಕೂರ್ಬೇಕು. 2001ರಲ್ಲಿ ಫೈನಲ್ ಫ್ಯಾಂಟಸಿ 10 ಬಂದಾಗ ಇಂಗ್ಲಿಷ್ ನಟರಿಗೆ ಇದೇ ಪಜೀತಿ, ಜಪಾನಿ ಮಾತಿಗೆ ಮಾಡಿದ ದೃಶ್ಯ, ಆ ಉದ್ದಕ್ಕೇ ಇಂಗ್ಲಿಷ್ ತುರುಕ್ಬೇಕು, ಅದಕ್ಕೇ ಕೆಲವು ಕಡೆ ಮಾತು ಓಡುತ್ತೆ, ಕೆಲವು ಕಡೆ ಸುಮ್ಮನೆ ಎಳೆಯುತ್ತೆ. ನಿಮ್ಮ ಆಲ್ಟ್ ತುಂಬಾ ಚಿಕ್ಕದಾದ್ರೆ ಎಡಿಟರ್ ಅದನ್ನ ಮುಟ್ಟಲ್ಲ. ಅಂಥಾ ಕಡೆ ಸಾಲಿನ ಮುಂದೆ ಒಂದು ಉಸಿರು, ಒಂದು ‘ಏ’, ‘ನೋಡು’, ‘ಅಲ್ಲಾ’ ಸೇರ್ಸಿ. ಆಡುಮಾತಲ್ಲಿ ಇಂಥಾ ತುಣುಕಿಗೆ ಬರ ಇಲ್ಲ, ಪುಸ್ತಕದ ಕನ್ನಡದಲ್ಲಿ ಒಂದೂ ಇಲ್ಲ.

ಇನ್ನೊಂದು, ಕಿರುಚೋ ಸಾಲುಗಳನ್ನ ಸೆಷನ್ ಕೊನೇಗೆ ಇಡೋಕೆ ಹೇಳಿ, ಗಟ್ಟಿಯಾಗಿ ಕೇಳಿ, ಇದ್ರಲ್ಲಿ ಸಂಕೋಚ ಬೇಡ. ಅಮೆರಿಕದಲ್ಲಿ 2016ರಿಂದ 2017ರವರೆಗೆ ವಾಯ್ಸ್ ಆರ್ಟಿಸ್ಟ್‌ಗಳು ಗೇಮ್ ಕಂಪನಿಗಳ ವಿರುದ್ಧ ಸ್ಟ್ರೈಕ್ ಮಾಡಿದಾಗ ಗಂಟಲಿಗೆ ಬೀಳೋ ಹೊಡೆತಾನೂ ಬೇಡಿಕೆಗಳಲ್ಲಿ ಒಂದಾಗಿತ್ತು. ನಮ್ಮಲ್ಲಿ ಯೂನಿಯನ್ ಇಲ್ದೆ ಇರ್ಬಹುದು, ಗಂಟಲು ಇದೆಯಲ್ಲ.

ಪ್ರಶ್ನೆ: ಇಷ್ಟೆಲ್ಲಾ ಯಾಕೆ ಸಾರ್, ಎಐ ವಾಯ್ಸ್ ಹಾಕಿದ್ರೆ ಮುಗೀತಲ್ಲ? (ಊರು ಬರೆದಿಲ್ಲ)

ಉತ್ತರ: ಹಾಕಿ ನೋಡಿ. ಕನ್ನಡ ದನಿಗಳನ್ನ ಮಷೀನ್‌ಗೆ ಕಲಿಸೋಕೆ ಬಳಸೋ ರೆಕಾರ್ಡಿಂಗ್‌ನಲ್ಲಿ ಬಹಳಷ್ಟು ಯಾರೋ ಸ್ಟುಡಿಯೋದಲ್ಲಿ ಕೂತು ಬರೆದಿದ್ದನ್ನ ಓದಿರೋದು. ಹಾಗಾಗಿ ಅದು ವಾರ್ತೆ ಓದೋದ್ರಲ್ಲಿ ಗಟ್ಟಿಗ. ‘ಹೋಗ್ಲಿ ಬಿಡು’ ಅನ್ನೋದನ್ನ ಕೊಟ್ಟು ಓದಿಸಿ, ಸಮಾಧಾನಕ್ಕೆ ಹೇಳೋ ‘ಹೋಗ್ಲಿ ಬಿಡು’ನೂ, ಬೇಜಾರಲ್ಲಿ ಹೇಳೋ ‘ಹೋಗ್ಲಿ ಬಿಡು’ನೂ, ಆಮೇಲೆ ನೋಡ್ಕೊತೀನಿ ಅನ್ನೋ ಅರ್ಥದ್ದೂ ಮೂರೂ ಒಂದೇ ಥರ ಬರುತ್ತೆ. ಕೋಟೆ ಬಾಗಿಲು ತೆರೀತು ಅಂತ ಹೇಳೋ ಸೂತ್ರಧಾರನಿಗೆ, ಇಲ್ಲಾ ಗೇಮ್‌ನಲ್ಲೇ ರೋಬೋಟ್ ಪಾತ್ರ ಇದ್ರೆ ಧಾರಾಳವಾಗಿ ಬಳಸಿ, ಅಲ್ಲಿ ಆ ಶುದ್ಧ ವ್ಯಾಕರಣ ಸೊಗಸಾಗೇ ಇರುತ್ತೆ. ಮಿಕ್ಕಿದ್ದಕ್ಕೆ ದಾವಣಗೆರೆ ಹುಡುಗ್ರಿಗೆ ಶಿರಸಿಯೋರ ಪತ್ರ ತೋರಿಸ್ತಿದೀನಿ, ಇಬ್ರೂ ಒಪ್ಪಿದ್ರೆ ಆಫೀಸಿಂದ ನಂಬರ್ ದಾಟಿಸ್ತಾರೆ. ಕೂಲಿ ಮಾತ್ರ ಮೊದಲೇ ಮಾತಾಡ್ಕೊಳ್ಳಿ.